ವೀಣಾಳ ಮ್ಯಾಕರೋನಿ

ಆಗೆಲ್ಲ ಕುರುಗೋಡಿನ ನಮ್ಮ ಮನೆಯಲ್ಲಿ ನನಗಿದ್ದ ದೊಡ್ಡಸ್ತಿಕೆ ಒಂದೇ: ತಮ್ಮ ಬಸು ನನ್ನ ಕೈಯಿಂದಲೇ ಉಣ್ಣುತ್ತಿದ್ದ. ಅವ್ವ ಹೊಲಿಗೆ ಮಿಷನ್ ಮುಂದೆ ಕೂತರೆ ಏಳುತ್ತಿರಲಿಲ್ಲ. ಸಿರುಗುಪ್ಪದ ಸಣ್ಣಕ್ಕಿ ಅನ್ನಕ್ಕೆ ಬೇಳೆ, ತುಪ್ಪ ಕಲಸಿ ನಾನು ತುತ್ತು ಮಾಡಬೇಕು, ಅವನು ಬಾಯಿ ತೆರೆಯಬೇಕು. ಗಜ್ಜರಿ, ಬೀನ್ಸು ಕಂಡರೆ ಮಾತ್ರ ನನ್ನ ಕೈಯನ್ನೂ ತಳ್ಳುತ್ತಿದ್ದ. ನನಗಾಗ ಹನ್ನೊಂದು, ಅವನಿಗೆ ಐದು. "ಬಸುಗ ಅವ್ವ ಬ್ಯಾಡ, ಅಕ್ಕ ಇದ್ರ ಸಾಕು" ಎಂದು ಓಣಿಯವರು ನಗುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಆ ಬೇಸಿಗೆ ರಜೆಗೆ ಬಳ್ಳಾರಿಯ ಗಾಂಧಿನಗರದಿಂದ ದೊಡ್ಡಮ್ಮನ ಮಗಳು ವೀಣಾ ಬಂದಳು. ನನಗಿಂತ ದೊಡ್ಡವಳು, ಹೈಸ್ಕೂಲು. ಚೀಲದ ತುಂಬ ಮ್ಯಾಕರೋನಿ ಪೊಟ್ಟಣ, ಚೀಸ್ ಡಬ್ಬಿ. ಬಂದ ಮರುದಿನವೇ ನಮ್ಮ ಒಲೆ ಹಿಡಿದಳು. ಬೆಣ್ಣೆ ಕರಗಿಸಿ, ಮೈದಾ ಹುರಿದು, ಹಾಲು ಸುರಿದು, ಗಂಟಾಗದಂತೆ ತಿರುವಿ ತಿರುವಿ ಗಟ್ಟಿ ಮಾಡಿದಳು. ಚೀಸ್ ಕರಗುತ್ತಲೇ ಉಪ್ಪುಪ್ಪಾದ ಒಂದು ಘಮ ಪಡಸಾಲೆವರೆಗೂ ಬಂತು. ಬೆಂದ ಮ್ಯಾಕರೋನಿಯ ಜೊತೆ ಗಜ್ಜರಿ, ಬೀನ್ಸು, ಬಟಾಣಿಯನ್ನೂ ಬೇಯಿಸಿ ಅದರೊಳಗೆ ಹಾಕಿದಳು. ಬಸು ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲಿ ಗೋಡೆಗೆ ಒರಗಿ ನಿಂತೆ.

ಅವನು ಬಟ್ಟಲು ನೆಕ್ಕಿದ. ಅವಳ ತೊಡೆಯ ಮೇಲೆ ಕೂತು, "ಇನ್ನಷ್ಟು ಹಾಕು, ವೀಣಕ್ಕಾ" ಎಂದ.

ಅಂದಿನಿಂದ ಬಸು ಅವಳ ಬಾಲವಾದ. ಚೌಕಾಬಾರ ಆಡುವಾಗ ಅವಳ ಪಕ್ಕ, ಮಲಗುವಾಗಲೂ ಅವಳ ಪಕ್ಕ. ಸಾಲದ್ದಕ್ಕೆ ಅವ್ವ ಬೇರೆ, "ಆಕಿ ಹೆಂಗ ತರಕಾರಿ ತಿನಿಸ್ತಾಳ ನೋಡಿ ಕಲಿ" ಎಂದಳು.

ಕಲಿತೆ. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ನಾನೇ ಮಾಡಿದೆ. ಎಲ್ಲ ಅವಳ ಹಾಗೆಯೇ ಆಯಿತು. ಆದರೆ ನಮ್ಮಲ್ಲಿ ಉಪ್ಪಿಟ್ಟಾಗಲಿ, ಮಂಡಕ್ಕಿ ಒಗ್ಗರಣೆಯಾಗಲಿ, ನಿಂಬೆಹಣ್ಣು ಹಿಂಡದೆ ಕೆಳಗಿಳಿಸುವುದಿಲ್ಲ. ಕೈ ತಾನಾಗಿ ಒಂದು ಹಣ್ಣು ಹಿಂಡಿಬಿಟ್ಟಿತು. ನೋಡನೋಡುತ್ತ ಹಾಲು ಒಡೆದು ಅಂಚಿನಲ್ಲಿ ನೀರು ನಿಂತಿತು. ಬಸು ಒಂದು ತುತ್ತು ಬಾಯಿಗಿಟ್ಟು ನನ್ನ ಅಂಗೈಗೇ ಉಗುಳಿದ. "ವೀಣಕ್ಕ ಮಾಡ್ಲಿ" ಎಂದ.

ರಜೆ ಮುಗಿಸಿ ಅವಳು ಬಳ್ಳಾರಿ ಬಸ್ಸು ಹತ್ತಿದಾಗ ನನಗೆ ಹಬ್ಬ. ಬಸು ಮಾತ್ರ ಊಟ ಬಿಟ್ಟ. ನಾನು ಕಲಸಿದ ಅನ್ನಕ್ಕೆ ಹಲ್ಲು ಕಚ್ಚಿಕೊಂಡು ಕೂತ. ಮುಖ ಇಷ್ಟೇ ಇಷ್ಟಾಯಿತು. ಕೊನೆಗೆ ಅವ್ವನ ಫೋನಿನಿಂದ ವೀಣಾಗೆ ನಾನೇ ಹಚ್ಚಿದೆ. ನನ್ನ ಸಲುವಾಗಿ ಆಗಿದ್ದರೆ ಸತ್ತರೂ ಕೇಳುತ್ತಿರಲಿಲ್ಲ.

"ಅದನ್ನ ಹೆಂಗ ಮಾಡ್ತಿ, ಹೇಳು" ಎಂದೆ. ಅಕ್ಕ ಅನ್ನಲಿಲ್ಲ.

"ಉರಿ ಸಣ್ಣ ಇಡು. ಹಾಲು ಸ್ವಲ್ಪ ಸ್ವಲ್ಪ ಹಾಕು. ಚೀಸ್ ಹಾಕಿದ ಮ್ಯಾಲ ಕುದಿಸಬ್ಯಾಡ" ಎಂದಳು. ಫೋನಿಡುವ ಮುನ್ನ, "ಲಿಂಬಿಹಣ್ಣು ಹಿಂಡಬ್ಯಾಡಲೇ" ಎಂದಳು. ಬಸು ಅವಳಿಗೆ ಅದನ್ನೂ ಹೇಳಿದ್ದ.

ಅವಳು ಬಿಟ್ಟುಹೋಗಿದ್ದ ಪೊಟ್ಟಣದಲ್ಲೇ ಮಾಡಿದೆ. ಈ ಸಲ ಹದವಾಗಿ ಬಂತು. ಬಸು ಗಜ್ಜರಿ ಚೂರನ್ನೂ ಬಿಡದೆ ನನ್ನ ಕೈಯಿಂದಲೇ ತಿಂದ. ನಾನು ಅವನ ಬಾಯನ್ನೇ ನೋಡುತ್ತಿದ್ದೆ. ತಿಂದು ಮುಗಿಸಿ ನನ್ನ ಭುಜಕ್ಕೆ ಒರಗಿ, "ಅಕ್ಕಾ, ವೀಣಕ್ಕ ಮಾಡಿದಂಗೇ ಐತಿ" ಎಂದ. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆ ಪಾತ್ರೆಯನ್ನು ನಾನು ತಿಕ್ಕಿದ ರಭಸಕ್ಕೆ ಅವ್ವ ಒಳಗಿಂದ "ಏನಾತು?" ಎಂದು ಕೂಗಿ ಕೇಳಿದಳು.

ಈಗ ಬಸು ಬಳ್ಳಾರಿಯ ಪಾರ್ವತಿನಗರದಲ್ಲಿ ಸಂಸಾರ ಹೂಡಿದ್ದಾನೆ. ಹೋದಾಗೆಲ್ಲ ಅವನ ಹೆಂಡತಿಯನ್ನು ಕೂರಿಸಿ ನಾನೇ ಮ್ಯಾಕರೋನಿ ಮಾಡುತ್ತೇನೆ. "ಚಲೋ ಆಗೈತಿ ಅಕ್ಕಾ" ಎನ್ನುತ್ತಾನೆ. ಹೆಂಡತಿಯ ಪಲ್ಯಕ್ಕೂ ಅದೇ ಮಾತು, ಹೋಟೆಲಿನ ಇಡ್ಲಿಗೂ ಅದೇ. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ.

"ವೀಣಾ ಮಾಡಿದಂಗ ಆಗೈತೇನು?"

ಅವನು ನೀರಿನ ಲೋಟ ಕೆಳಗಿಟ್ಟು ಯೋಚಿಸಿದ. "ವೀಣಕ್ಕ ಇದನ್ನ ಯಾವಾಗ ಮಾಡಿದ್ಲು?"

ಅವಳ ಕೈರುಚಿ ಮರೆತನೆಂದು ನಾನು ಹಿಗ್ಗಬೇಕಿತ್ತು. ಆದರೆ ಅದರ ಜೊತೆಗೆ ಆ ಬೇಸಿಗೆಯೇ ಅವನ ನೆನಪಿನಿಂದ ಹೋಗಿತ್ತು, ಅವನಿಗೆ ತುತ್ತು ಮಾಡಿ ಕೊಟ್ಟ ನಾನೂ.