ಬಲೆಯ ಬುಡ

ಆ ಭಾನುವಾರ ದಾಸ ಕಲ್ಲುಕೆಲಸಕ್ಕೆ ಹೋಗಲಿಲ್ಲ. ಕಾಗಾಲದ ಮನೆಯ ಹಿತ್ತಲಲ್ಲಿ ಹೆಂಡತಿ ಗಂಗಿಯ ಕೋಳಿಗೂಡಿನ ಸುತ್ತ ಬಲೆ ಕಟ್ಟುತ್ತಿದ್ದ. ಮಳೆಗಾಲ ಮುಗಿದ ಮೇಲೆ ಮುಂಗುಸಿ ಹಾಡಹಗಲೇ ಬಂದು ಆರು ಕೋಳಿ ಒಯ್ದಿತ್ತು. ಉಳಿದದ್ದು ಐದು ಹೇಂಟೆ, ಒಂದು ಹುಂಜ. ರಾತ್ರಿಗೆ ಗೂಡು ಭದ್ರವಿತ್ತು. ಹಗಲು ಕಾಯುವವರಿರಲಿಲ್ಲ. ಬೆಳಗಾದರೆ ಗಂಗಿಯೂ ಬಳಚಿನ ಚಿಪ್ಪು ಹೆಕ್ಕಲು ಹೊಳೆಗೆ ಹೋಗುವವಳು.

ತದಡಿಯ ದೋಣಿಯವರು ಬಿಸಾಡಿದ ನೈಲಾನ್ ಬಲೆ ಅದು. ಗೂಟದ ಎತ್ತರ ಮುಗಿದು ಕೆಳಗೆ ಎರಡು ಮೊಳ ಹೆಚ್ಚಾಯಿತು. ದಾಸ ಕೊಯ್ದು ತೆಗೆಯುತ್ತೇನೆಂದು ಕತ್ತಿ ಹುಡುಕಿದ.

"ಕೊಯ್ಯುದು ಬ್ಯಾಡ," ಎಂದಳು ಗಂಗಿ. "ಬುಡದಲ್ಲೇ ರಾಶಿ ಬಿದ್ಕಂಡಿರ್ಲಿ. ಮುಂಗ್ಸಿಗೆ ನುಸಿಯೂಕೆ ಎಡೆ ಸಿಗುದಿಲ್ಲ."

"ಆತು ಮಾರಾಯ್ತಿ. ನಿನ್ನ ಕೋಳಿಮನೆಗೆ ಸೀರೆ ಉಡ್ಸಿದಂಗೆ ಆತು, ನೆರಿಗೆ ಸಮೇತ."

ಸಂಜೆ ಬಂಗಡೆ ಸಾರು ಉಂಡರು. ಬೇರೆ ಏನೂ ಆಗಲಿಲ್ಲ ಆ ದಿನ.

ಮರುದಿನ ಬೆಳಿಗ್ಗೆ ಮೊದಲು ನೋಡಿದವಳು ಗಂಗಿ. ರಾಶಿ ಬಿದ್ದ ಬಲೆಯಲ್ಲಿ ನಾಗರಹಾವು. ನಡು ಸಿಕ್ಕಿಕೊಂಡಿತ್ತು. ಎಳೆದಷ್ಟೂ ನೂಲು ಮೈಯೊಳಗೆ ಇಳಿದಿತ್ತು.

ಪಕ್ಕದ ಮನೆಯ ಮಹಾಲಕ್ಷ್ಮಿ ಬಂದಳು, ಅವಳ ಗಂಡ ವಿಶ್ವನಾಥನೂ ಬಂದ. ಹಾವು ಹಿಡಿಯುವವನಿಗೆ ಫೋನು ಮಾಡಿದರು. ಅವನು ಅಂಕೋಲೆಯ ಕಡೆ ಇದ್ದ. ಬರಲು ಎರಡು ತಾಸು ಬೇಕು, ಅಲ್ಲಿವರೆಗೆ ಮುಟ್ಟಬೇಡಿ ಎಂದ. ದಾಸ ಒಂದು ತಾಸು ಕಾದ. ಬಿಸಿಲೇರಿತು. ಹಾವು ಹೆಡೆ ಎತ್ತುವುದನ್ನು ಬಿಟ್ಟಿತು.

ಮಗಳು ಸೌಜನ್ಯಾ ಹೊನ್ನಾವರದಲ್ಲಿ, ಗಂಡನ ಮನೆಯಲ್ಲಿ, ಏಳು ತಿಂಗಳ ಬಸುರಿ. ಮಗಳು ಬಸುರಿ ಇರುವಾಗ ತಮ್ಮ ಕೈಯಿಂದ ನಾಗ ಸಾಯಬಾರದು. ಎಲ್ಲರಿಗೂ ಗೊತ್ತಿದ್ದ ಮಾತು. ದಾಸನೇ ಆಡಿದ.

"ನಾ ಕಟ್ಟಿದ ಬಲೆ. ಇದ್ರಲ್ಲೇ ಸತ್ರೆ, ನಾಳೆ ಹುಟ್ಟೂ ಮಗೀಗೆ ಎಂತ ಹೇಳುದು?"

ವಿಶ್ವನಾಥ ತೋಳು ಹಿಡಿದು ತಡೆದ. ದಾಸ ಬಿಡಿಸಿಕೊಂಡ. ಒದ್ದೆ ಗೋಣಿಯನ್ನು ಹಾವಿನ ತಲೆಯ ಮೇಲೆ ಹಾಕಿ, ಕತ್ತರಿಯಿಂದ ಒಂದೊಂದೇ ನೂಲು ಕತ್ತರಿಸಿದ. ಕೊನೆಯ ನೂಲು ಹರಿದದ್ದೇ ಹಾವು ಗೋಣಿಯಿಂದ ಹೊರಬಂತು, ಹೆಬ್ಬೆರಳಿನ ಬುಡಕ್ಕೆ ಕಚ್ಚಿತು, ಬೇಲಿಯೊಳಗೆ ಹೋಯಿತು. ದಾಸ ಕೈ ನೋಡಿಕೊಳ್ಳಲಿಲ್ಲ. ಹಾವು ಹೋದ ದಿಕ್ಕು ನೋಡಿದ.

"ಬದ್ಕ್ತು," ಎಂದ.

ಕುಮಟೆಯಲ್ಲಿ ಇಂಜೆಕ್ಷನ್ ಕೊಟ್ಟರು. ಉಸಿರು ಸೋಲುತ್ತಿದೆ, ಮುಂದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಹಳದೀಪುರ ದಾಟುವಾಗ ಗಂಗಿ ಹಿಡಿದಿದ್ದ ಕೈ ತಣ್ಣಗಾಯಿತು. ಹೊನ್ನಾವರ ಮುಟ್ಟುವ ಮೊದಲೇ ಅಂಬ್ಯುಲೆನ್ಸ್ ಹಿಂದೆ ತಿರುಗಿತು.

ನಾಗನನ್ನು ಉಳಿಸಿ ಸತ್ತವನು, ಪುಣ್ಯವಂತ ಎಂದಿತು ಊರು. ಸೌಜನ್ಯಾಳಿಗೆ ಗಂಡುಮಗು ಆಯಿತು. ಕೈಕಾಲು ನೆಟ್ಟಗಿದೆ, ಅಜ್ಜನ ಪುಣ್ಯ ಎಂದರು. ಗಂಗಿ ಮಗುವನ್ನು ಎತ್ತಿಕೊಂಡಳು, ಸ್ವಲ್ಪ ಹೊತ್ತಿಗೆ ಕೆಳಗೆ ಮಲಗಿಸಿದಳು. ಬಲೆ ಕೊಯ್ಯುವುದು ಬೇಡ ಎಂದವಳು ತಾನೆಂದು ಮಗಳಿಗೂ ಹೇಳಲಿಲ್ಲ. ಹೇಳಿದರೆ ನಿನ್ನ ತಪ್ಪಲ್ಲ ಅನ್ನುತ್ತಾರೆ. ಅದನ್ನು ಕೇಳುವುದು ಅವಳಿಗೆ ಬೇಕಿಲ್ಲ.

ವಿಶ್ವನಾಥ ಆ ಬಲೆ ಸುಟ್ಟ. ಕಿರುಬೆರಳೂ ತೂರದ ಕಬ್ಬಿಣದ ಜಾಳಿಗೆ ತಂದು, ಮೊಳದಾಳ ಅಗೆದು ಅದರ ಬುಡವನ್ನು ಮಣ್ಣಿನಲ್ಲಿ ಹೂತ. ಹದ್ದು ಇಳಿಯದಂತೆ ಮೇಲೂ ಮುಚ್ಚಿದ. ಒಂದು ದಿನದ ಕೆಲಸ. ಬರೀ ಒಂದು ದಿನದ್ದು.

ಅಂದಿನಿಂದ ಒಂದು ಕೋಳಿಯೂ ಹೋಗಿಲ್ಲ. ಮರಿಯಾಗಿ ಹದಿನೆಂಟು ಆಗಿವೆ. ಗಂಗಿಗೆ ಅವು ಬೇಡ. ಎಲ್ಲವನ್ನೂ ಒಯ್ಯಿ ಎಂದು ಮಹಾಲಕ್ಷ್ಮಿಗೆ ಹೇಳಿ ನೋಡಿದಳು.

"ದಾಸಣ್ಣ ಜೀವ ಕೊಟ್ಟು ಉಳ್ಸಿದ ಕೋಳಿ, ಗಂಗಕ್ಕ. ನಾ ಹೇಂಗೆ ಕೊಯ್ದು ತಿನ್ಲಿ?"

ಅವನು ಜೀವ ಕೊಟ್ಟದ್ದು ಕೋಳಿಗಲ್ಲ. ಗಂಗಿ ಅದನ್ನೂ ಹೇಳಲಿಲ್ಲ.

ಈಗ ದಿನಾ ಎದ್ದ ಕೂಡಲೇ ಕಸಬರಿಗೆ ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ಜಾಳಿಗೆಯ ಸುತ್ತ ಮಾರಗಲ ಮರಳು ಹರವಿದ್ದಾಳೆ. ಬಗ್ಗಿ, ಹಾವು ಹರಿದ ಗೆರೆ ಇದೆಯೇ ಎಂದು ಅದರ ಮೇಲಿನ ಗುರುತು ನೋಡುತ್ತಾಳೆ. ಬೆಕ್ಕಿನ ಕಾಲು, ನಾಯಿಯ ಕಾಲು. ಕೆಲವು ಎಂತದ್ದೆಂದು ತಿಳಿಯುವುದಿಲ್ಲ. ಗುಡಿಸಿ ಅಳಿಸಿ ಮರಳನ್ನು ಸಮ ಮಾಡುತ್ತಾಳೆ. ಒಂದು ಗುರುತೂ ಇಲ್ಲದ ದಿನವೂ ಗುಡಿಸುತ್ತಾಳೆ.