ಹೊಗೆಸೊಪ್ಪಿನ ಕಷಾಯ

ರೈತರಿಂದ ರಾಸಾಯನಿಕ ಬಿಡಿಸುವುದು ನನ್ನ ಕೆಲಸ. ಹುತ್ತೂರು ಕಡೆಯ ಒಂದು ಹಳ್ಳಿಗೆ ಹೊಗೆಸೊಪ್ಪಿನ ಕಷಾಯ ತುಂಬಿದ ಸ್ಪ್ರೇಯರ್ ಬೆನ್ನಿಗೇರಿಸಿಕೊಂಡೇ ಹೋಗಿದ್ದೆ. ಟೊಮೆಟೊ ತೋಟದ ಬದುವಿನ ಮೇಲೆ ಹೆಂಗಸರ ಸಂಘದವರು ಕೂತಿದ್ದರು.

"ಅಪ್ಪಟ ಸಾವಯವ! ಹೊಡೆದರೆ ಒಂದು ಹುಳವೂ ಉಳಿಯಲ್ಲ" ಅಂದೆ, ಎದೆಯುಬ್ಬಿಸಿ.

ಸಂಘದ ಹಿರಿಯರಾದ ಮುನಿಯಮ್ಮ ಎದ್ದು ಬಂದು ಸ್ಪ್ರೇಯರಿನ ಪೈಪನ್ನೇ ನನ್ನ ಕೈಯಿಂದ ಕಿತ್ತುಕೊಂಡರು.

"ಅದೇ ಭಯ ಸಾರ್. ಪಕ್ಕದ ತೋಟ ನೋಡಿ, ರೇಷ್ಮೆ ಸೊಪ್ಪು. ಇದು ಗಾಳೀಲಿ ಹೋಗಿ ಅದರ ಮೇಲೆ ಕೂತ್ರೆ, ಆ ಸೊಪ್ಪು ತಿಂದ ನಮ್ಮ ರೇಷ್ಮೆ ಹುಳಾನೂ ಉಳಿಯಲ್ಲ. ಬೀಡಿ ಸೇದ್ತಾರೆ ಅಂತ ನಮ್ಮೆಜಮಾನ್ರನ್ನೇ ಹುಳ ಸಾಕೋ ಮನೆ ಒಳಕ್ಕೆ ಸೇರ್ಸಲ್ಲ ನಾನು."

"ಹಾಗಾದರೆ ಟೊಮೆಟೊ ಹುಳಕ್ಕೆ?"

"ಕೈಯಲ್ಲೇ ಆರಿಸ್ತೀವಿ. ರೇಷ್ಮೆ ಗೂಡು ಕಟ್ಟೋವರೆಗೂ ಯಾರೂ ಏನೂ ಹೊಡೆಯಂಗಿಲ್ಲ. ಊರೆಲ್ಲಾ ಸೇರಿ ಮಾತಾಡ್ಕೊಂಡಿದೀವಿ."

ಆಮೇಲೆ ಸೋಪು ಕೊಟ್ಟು ನನ್ನ ಕೈಕಾಲು ತೊಳೆಸಿದರು. ಕಾಫಿಯನ್ನೂ ಕೊಟ್ಟರು, ಮುನಿಯಮ್ಮನವರ ಮನೆ ಜಗಲಿಯಲ್ಲೇ. ಹುಳ ಸಾಕಿದ್ದ ಒಳಮನೆಗೆ ಮಾತ್ರ ಕರೆಯಲಿಲ್ಲ.

ಅವತ್ತು ಆ ಊರಿಗೆ ವಿಷ ಹೊತ್ತು ತಂದವನು ನಾನೊಬ್ಬನೇ. 'ವಿಷಮುಕ್ತ ಹಳ್ಳಿ' ಅಂತ ಬರೆಸಿದ ಬ್ಯಾನರ್ ತಂದವನೂ ನಾನೇ.