ಕೊಡೆ ಜಾಹೀರಾತಿನ ಮೇಕೆ

ನಮ್ಮ ಜಾಹೀರಾತು ಕಚೇರಿಯ ಚಿತ್ರಗಾರನಿಗೆ ಮೂಗಿನ ತುದಿಯಲ್ಲೇ ಕೋಪ. ಸಾಲು ಬರೆಯುವ ನನಗೆ ಕೋಪವಿಲ್ಲ, ಬರೀ ಜಂಬ; ಅದನ್ನು ನಾನು ಆತ್ಮಗೌರವ ಎನ್ನುತ್ತೇನೆ. ನಮ್ಮಿಬ್ಬರನ್ನೂ ಗಿರಾಕಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಯಾರೂ ಯಾರ ಕತ್ತನ್ನೂ ಹಿಸುಕದಂತೆ ಎಬ್ಬಿಸಿ ಕಳಿಸುವುದು ಅಕ್ಕನ ಕೆಲಸ. ಇವಳು ನಮ್ಮ ಒಡಹುಟ್ಟಿದವಳಲ್ಲ, ಆಫೀಸಿಗೆಲ್ಲ ಅಕ್ಕ.

ಅವಳ ವಿದ್ಯೆ ಹುಟ್ಟಿದ್ದು ಅಡುಗೆಮನೆಯಲ್ಲಿ. ಮದುವೆಯಾದ ಹೊಸದರಲ್ಲಿ ಇವಳು ಏನು ಮಾಡಿದರೂ ಅತ್ತೆ ಕೊಂಕು ತೆಗೆಯುತ್ತಿದ್ದರಂತೆ. ಒಂದು ದಿನ ಬೇಕೆಂದೇ ಚಿಟಿಕೆ ಉಪ್ಪು ಕಡಿಮೆ ಹಾಕಿದಳು. ಅತ್ತೆ ರುಚಿ ನೋಡಿ, "ಉಪ್ಪು ಕಮ್ಮಿ," ಎಂದು ತಮ್ಮ ಕೈಯಾರೆ ಉದುರಿಸಿದರು. ಆಮೇಲೆ ಊಟ ಮುಗಿಯುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಆ ಉಪಾಯವನ್ನು ಆಫೀಸಿಗೂ ತಂದಳು.

ನಮ್ಮ ದೊಡ್ಡ ಗಿರಾಕಿ ಒಂದು ಕೊಡೆ ಕಂಪನಿ. ಅದರ ಯಜಮಾನರಿಗೆ ಒಂದಾದರೂ ಬದಲಾವಣೆ ಹೇಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಹಾಗಾಗಿ ಅಕ್ಕ ಪ್ರತಿ ಚಿತ್ರದಲ್ಲೂ ಒಂದು ಮೇಕೆ ಬರೆಸುತ್ತಿದ್ದಳು. ಕೊಡೆ ಹಿಡಿದ ನವದಂಪತಿ, ಮೂಲೆಯಲ್ಲಿ ಮೇಕೆ. ಶಾಲೆಗೆ ಹೊರಟ ಮಗು, ಹಿಂದೆ ಮೇಕೆ. ಯಜಮಾನರು ಕನ್ನಡಕ ಏರಿಸಿ, "ಎಲ್ಲಾ ಚೆನ್ನಾಗಿದೆ, ಆ ಮೇಕೆ ಒಂದು ತೆಗೀರಿ," ಎನ್ನುವರು. "ಅರೆ, ಹೌದಲ್ವಾ! ನಮ್ಮ ಕಣ್ಣಿಗೇ ಬೀಳಲಿಲ್ಲ ನೋಡಿ," ಎಂದು ಅಕ್ಕ ಕೆನ್ನೆಗೆ ಕೈ ಇಡುವಳು. ಮೇಕೆ ಹೋಗಿ, ಉಳಿದದ್ದು ಹಾಗೆಯೇ ಅಚ್ಚಾಗುತ್ತಿತ್ತು.

ಕೊನೆಗೊಂದು ದಿನ ಯಜಮಾನರ ಮಂಡಿ ಕೈಕೊಟ್ಟಿತು, ಓಡಾಟ ಕಷ್ಟವಾಯಿತು. ಕುರ್ಚಿ ಮಗಳಿಗೆ ಬಂತು. ಬಂದವಳೇ, ಹೊಸ ಜಾಹೀರಾತು ಹಿಡಿಸದಿದ್ದರೆ ಬೇರೆ ಕಚೇರಿ ನೋಡುತ್ತೇನೆಂದು ಹೇಳಿ ಕಳಿಸಿದಳು. ಕೊಡೆ ಹೋದರೆ ನಮ್ಮ ಬಾಗಿಲಿಗೆ ಬೀಗವೇ ಗತಿ. ಅಕ್ಕ ಚಿತ್ರಗಾರನಿಗೆ ಹೇಳಿದ್ದು ಒಂದೇ ಮಾತು: "ಮೇಕೆ ಈ ಸಲ ಸ್ವಲ್ಪ ದೊಡ್ಡದಾಗೇ ಇರಲಿ."

ಕಂಪನಿಯ ಕೋಣೆಯಲ್ಲಿ ಅಕ್ಕ, ಚಿತ್ರಗಾರ, ನಾನು ಕೂತೆವು; ಮಗಳು ಚಿತ್ರವನ್ನು ಹತ್ತಿರ ಎಳೆದುಕೊಂಡಳು. ಯಜಮಾನರು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಚಿತ್ರದಲ್ಲಿ ಬಸ್ಸಿಗೆ ಕಾಯುವ ಜನ, ಎಲ್ಲರಿಗೂ ಕೊಡೆ. ಪಕ್ಕದಲ್ಲಿ ನೆನೆಯುತ್ತ ನಿಂತ ಮೇಕೆ. ಕೆಳಗೆ ನನ್ನ ಸಾಲು: "ಮಳೆಯಲ್ಲೂ ಮಂದಹಾಸ, ಕೊಡೆಯೊಳಗೆ ಉಲ್ಲಾಸ."

"ಚೆನ್ನಾಗಿದೆ. ಏನೂ ಬದಲಾಯಿಸ್ಬೇಡಿ," ಎಂದಳು ಮಗಳು. "ಆ ಮೇಕೆ ಅಂತೂ ಸೂಪರ್!"

ಅಕ್ಕನ ಮುಖ ಬಿಳಿಚಿಕೊಂಡಿತು. ಒಪ್ಪಿ ಎದ್ದು ಬಂದರೆ ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ಮೇಕೆ ನಿಲ್ಲುತ್ತದೆ. ಜನ ನಕ್ಕರೆ ಮಗಳ ಮಾನ ಮೊದಲ ದಿನವೇ ಹೋಗುತ್ತದೆ. ನಿಜ ಹೇಳಿದರೆ, ಇಷ್ಟು ವರ್ಷ ಯಜಮಾನರ ಕಿವಿ ಮೇಲೆ ಹೂ ಇಟ್ಟದ್ದು ಬಯಲಾಗುತ್ತದೆ. ಸುಮ್ಮನಿರು ಎಂದು ನಾನು ಮೇಜಿನಡಿ ಅವಳ ಕಾಲು ತುಳಿದೆ. ಅವಳು ನನ್ನ ಕಾಲನ್ನು ಇನ್ನೂ ಜೋರಾಗಿ ತುಳಿದು ಬಾಯಿಬಿಟ್ಟಳು.

"ಮೇಡಂ, ಆ ಮೇಕೆ ತೆಗೆಸೋಕೆ ಅಂತಲೇ ಹಾಕಿದ್ದು. ನಿಮ್ಮ ತಂದೆಯವರಿಗೆ ಏನಾದ್ರೂ ಒಂದು ತಪ್ಪು ಸಿಗ್ಲಿ ಅಂತ ಪ್ರತಿ ಸಲ ಹಾಕ್ತಿದ್ವಿ. ಕ್ಷಮಿಸಿ ಸಾರ್."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನಂಗೆ ಗೊತ್ತಿಲ್ವೇನಮ್ಮ? ಪ್ರತಿ ಸಲ ಅದೇ ಮೇಕೆ! ಬೇರೆ ಏನಾದ್ರೂ ಹೇಳಿದ್ರೆ ನಿಮ್ಮ ಚಿತ್ರಗಾರ ಮುಖ ಊದಿಸ್ಕೊಂಡು ಕೂರ್ತಾನೆ, ಕೆಲಸ ನಿಲ್ಲತ್ತೆ. ಅದಕ್ಕೇ ಮೇಕೆ ಹೆಸರು ಹೇಳಿ ಮುಗಿಸ್ತಿದ್ದೆ."

ಮಗಳು ಎಲ್ಲರನ್ನೂ ಒಮ್ಮೆ ನೋಡಿದಳು. "ಅಂದ್ರೆ ಈ ಕೋಣೇಲಿ ಯಾರೂ ನಿಜ ಮಾತಾಡೇ ಇಲ್ಲ! ಈಗ ನೀವೇ ಹೇಳಿ, ಇದರಲ್ಲಿ ನಿಜವಾಗ್ಲೂ ಯಾವುದು ಚೆನ್ನಾಗಿಲ್ಲ?"

ಅಕ್ಕ ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡ ಕಣೋ," ಎಂದಳು. "ಕೆಳಗಿನ ಸಾಲು, ಮೇಡಂ."

"ಅಬ್ಬಾ!" ಎಂದಳು ಮಗಳು. "ಮೊದಲನೇ ದಿನವೇ ಹೇಗೆ ಹೇಳೋದು ಅಂತ ಸುಮ್ನಿದ್ದೆ."

"ನಾನು ವರ್ಷಗಳಿಂದ ಸುಮ್ನಿದ್ದೀನಿ," ಎಂದರು ಯಜಮಾನರು. ಚಿತ್ರಗಾರ, ಆ ದ್ರೋಹಿ, ತಲೆಯಾಡಿಸಿದ.

ನನಗೆ ನಿಜಕ್ಕೂ ನೋವಾಯಿತು. ಸಾಲು ಹೋಯಿತು, ಮೇಕೆ ಉಳಿಯಿತು. ಜನ ನಕ್ಕರು, ಆ ಬಡಪಾಯಿ ಮೇಕೆಗೂ ಒಂದು ಕೊಡೆ ಕೊಡಿ ಎಂದು ಅಂಗಡಿಗಳಲ್ಲಿ ಕೇಳಿದರು. ಕಂಪನಿ ನಮ್ಮಲ್ಲೇ ಉಳಿಯಿತು. ಈಗ ಪ್ರತಿ ಸಭೆಯಲ್ಲೂ ಮುಖಾಮುಖಿ ಜಗಳ. ಒಮ್ಮೆ ಚಿತ್ರಗಾರ ಸಿಟ್ಟಿನಿಂದ ಎದ್ದು ಹೋಗಿ, ಮಳೆ ನೋಡಿ ವಾಪಸ್ ಬಂದ. ಕೆಲಸ ಮಾತ್ರ ಮೊದಲಿಗಿಂತ ಚೆನ್ನಾಗಿದೆ. ನನ್ನ ಸಾಲುಗಳೂ ಸಹ, ಹೊಟ್ಟೆ ಉರಿದರೂ ಒಪ್ಪಬೇಕು.

"ಹಾಗಾದ್ರೆ ಮನೇಲೂ ಈಗ ಉಪ್ಪು ಸರಿಯಾಗೇ ಹಾಕ್ತೀಯಾ?" ಎಂದು ಅಕ್ಕನನ್ನು ಕೆಣಕಿದೆ.

"ಹುಚ್ಚಾ," ಎಂದಳು ಅಕ್ಕ. "ಗಿರಾಕಿ ಜೊತೆ ಜಗಳ ಆಡಿದ್ರೆ ಸಂಜೆ ಮನೆಗೆ ಹೋಗ್ಬಹುದು. ಅತ್ತೆ ಜೊತೆ ಆಡಿದ್ರೆ ಎಲ್ಲಿಗೆ ಹೋಗ್ಲೋ?"